ಮಕ್ಕಳ ಊಟದ ಡಬ್ಬಿ: ಖಾಲಿಯಾಗಿ ಬಂದರೆ ಸಾಲದು



ತಾವು ಸಂಘಕ್ಕೆ ಹಾಕಿದ ಹಾಲು ಶೀತಲೀಕರಣ, ಪಾಶ್ಚರೀಕರಣಗಳನ್ನು ದಾಟಿ, ಪೊಟ್ಟಣಗಳಲ್ಲಿ ತುಂಬಿ, ಸೂರ್ಯ ಹುಟ್ಟುವ ಮೊದಲೇ ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಗಳ ಹಾಲಿನ ಬೂತುಗಳನ್ನು ತಲುಪುತ್ತದೆ. ಅಲ್ಲಿಗೆ ಬರುವವರಲ್ಲಿ ಶಾಲೆಗೆ ಹೋಗುವ ಮಕ್ಕಳ ತಂದೆತಾಯಿಯರು ಬಹಳ ಮಂದಿ. ಅರ್ಧ ಲೀಟರ್ ಹಾಲಿನ ಜೊತೆಗೆ ಪಕ್ಕದ ಅಂಗಡಿಯಿಂದ ಒಂದು ಬ್ರೆಡ್, ಒಂದು ಕ್ರೀಂ ಬಿಸ್ಕತ್ತು, ಒಂದು ಚಿಪ್ಸ್ ಪೊಟ್ಟಣವೂ ಕೈಚೀಲಕ್ಕೆ ಸೇರುತ್ತವೆ. ಹಾಲು ಮನೆಯವರ ಕಾಫಿಗೆ ಹೋಗುತ್ತದೆ. ಉಳಿದದ್ದು ಮಗುವಿನ ಊಟದ ಡಬ್ಬಿಗೆ ಹೋಗುತ್ತದೆ.

ಪಶುವೈದ್ಯನಿಗೂ ಮಕ್ಕಳ ಡಬ್ಬಿಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಮಕ್ಕಳ ಕಾಯಿಲೆಗೆ ಮಕ್ಕಳ ವೈದ್ಯರೇ ಆಗಬೇಕು, ಅದರಲ್ಲಿ ಸಂಶಯವಿಲ್ಲ. ಆದರೆ ಬೆಳೆಯುವ ಜೀವಕ್ಕೆ ಏನು ತಿನ್ನಿಸಬೇಕು, ತಿನ್ನಿಸಿದ್ದು ಮೈಗೆ ಹತ್ತಿತೇ ಎಂದು ಹೇಗೆ ತಿಳಿಯಬೇಕು ಎಂಬ ವಿಚಾರದಲ್ಲಿ ಹೈನುಗಾರರಿಗೆ ಇರುವಷ್ಟು ಅನುಭವ ಬೇರೆಯವರಿಗೆ ಇರಲಾರದು. ಆ ಅನುಭವವನ್ನು ನಾವು ಕೊಟ್ಟಿಗೆಯಲ್ಲಿ ಬಳಸುತ್ತೇವೆ, ಅಡುಗೆಮನೆಯಲ್ಲಿ ಮರೆಯುತ್ತೇವೆ. ಅದನ್ನು ನೆನಪಿಸುವುದೇ ಈ ಲೇಖನದ ಉದ್ದೇಶ.

ಕೊಟ್ಟಿಗೆ ಕಲಿಸುವ ಪಾಠ

ಮದುವೆ ಮನೆಯಲ್ಲಿ ಉಳಿದ ಅನ್ನ, ಪಾಯಸವನ್ನು ಹಸುವಿನ ಮುಂದೆ ಇಟ್ಟರೆ ಅದು ಎಷ್ಟು ಆಸೆಯಿಂದ ತಿನ್ನುತ್ತದೆ ಎಂಬುದನ್ನು ತಾವೆಲ್ಲ ನೋಡಿದ್ದೀರಿ. ಒಣಹುಲ್ಲನ್ನು ಮೂಸಿಯೂ ನೋಡದೆ ಬಾನಿಯನ್ನು ತಳದವರೆಗೆ ನೆಕ್ಕುತ್ತದೆ. ಆದರೆ ಇಂತಹ ಪಿಷ್ಟ ಪದಾರ್ಥ ಒಮ್ಮೆಲೇ ಹೆಚ್ಚಾಗಿ ಸೇರಿದರೆ ಮೆಲುಕು ಚೀಲದಲ್ಲಿ ಬೇಗನೆ ಹುದುಗಿ ಆಮ್ಲ ಹೆಚ್ಚುತ್ತದೆ. ಮರುದಿನ ಮೆಲುಕು ನಿಲ್ಲುತ್ತದೆ, ಸಗಣಿ ತೆಳ್ಳಗಾಗಿ ಹುಳಿ ವಾಸನೆ ಬರುತ್ತದೆ, ಹಾಲು ಇಳಿಯುತ್ತದೆ. ಪ್ರಮಾಣ ಮೀರಿದ್ದರೆ ರಾಸು ನೆಲಹಿಡಿದು ಪ್ರಾಣಕ್ಕೇ ಅಪಾಯವಾಗಬಹುದು. ರುಚಿಯಿಂದ ತಿಂದದ್ದೇ ಕಾಯಿಲೆಗೆ ಕಾರಣವಾಯಿತು.

ಮಗು ಹಸುವಲ್ಲ, ಅದರ ಜೀರ್ಣಕ್ರಿಯೆಯೇ ಬೇರೆ. ಚಿಪ್ಸ್ ತಿಂದ ಮಗು ಮರುದಿನ ಹಾಸಿಗೆ ಹಿಡಿಯುವುದಿಲ್ಲ. ಅದರ ಪರಿಣಾಮ ತಿಂಗಳುಗಳಲ್ಲಿ, ವರ್ಷಗಳಲ್ಲಿ ಕಾಣಿಸುತ್ತದೆ. ಆದ್ದರಿಂದಲೇ ನಾವು ಮೋಸಹೋಗುತ್ತೇವೆ. ಇಲ್ಲಿ ಗಮನಿಸಬೇಕಾದ ಅಂಶ ಒಂದೇ: ಯಾವ ಅನುಭವಿ ಹೈನುಗಾರನೂ "ಬಾನಿ ಖಾಲಿಯಾಯಿತು, ಆದ್ದರಿಂದ ಮೇವು ಒಳ್ಳೆಯದು" ಎನ್ನುವುದಿಲ್ಲ. ಹಾಲಿನ ಪ್ರಮಾಣ, ಜಿಡ್ಡು ಮತ್ತು ಜಿಡ್ಡೇತರ ಘನಾಂಶ, ಚರ್ಮದ ಹೊಳಪು, ಸಗಣಿಯ ಹದ, ಸಕಾಲಕ್ಕೆ ಬೆದೆಗೆ ಬರುವುದು, ಇವನ್ನೆಲ್ಲ ನೋಡಿ ಮೇವಿನ ಗುಣ ಹೇಳುತ್ತಾನೆ. ಆದರೆ ಸಂಜೆ ಶಾಲೆಯಿಂದ ಬಂದ ಮಗುವನ್ನು ನಾವು ಕೇಳುವುದು ಒಂದೇ ಪ್ರಶ್ನೆ: "ಡಬ್ಬಿ ಖಾಲಿ ಮಾಡಿದೆಯಾ?" ಕುರುಕಲು ತಿಂಡಿ ಡಬ್ಬಿಯೊಳಗೆ ನುಗ್ಗುವುದು ಈ ಪ್ರಶ್ನೆಯ ಮೂಲಕವೇ. ಏಕೆಂದರೆ ಚಿಪ್ಸ್ ತುಂಬಿದ ಡಬ್ಬಿ ಎಂದೂ ಉಳಿದು ಬರುವುದಿಲ್ಲ.

ಹಳೆಯ ಬೆಂಗಳೂರಿನ ಡಬ್ಬಿ

ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. 1898ರಲ್ಲಿ ನಗರಕ್ಕೆ ಪ್ಲೇಗ್ ಬಡಿದ ನಂತರ ಬಸವನಗುಡಿ, ಮಲ್ಲೇಶ್ವರಗಳು ಅಗಲ ರಸ್ತೆ, ಗಾಳಿ ಬೆಳಕುಗಳಿರುವ ಬಡಾವಣೆಗಳಾಗಿ ಬೆಳೆದವು. ಜನರ ಆರೋಗ್ಯ ಕಾಪಾಡಲೆಂದು ಬೆಳೆಸಿದ ಈ ಬಡಾವಣೆಗಳು ಮುಂದೆ ಶಾಲೆಗಳಿಗೂ ತಿಂಡಿಗೂ ಹೆಸರಾದವು. ಗಾಂಧಿ ಬಜಾರಿನಲ್ಲಿ 1943ರಲ್ಲಿ ತೆರೆದ ಹೋಟೆಲಿಗೆ ವಿದ್ಯಾರ್ಥಿ ಭವನ ಎಂದೇ ಹೆಸರು. ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿ ಪರಿಷೆ ನೆರೆಯುತ್ತದೆ. ಅಲ್ಲಿಗೆ ಕಾಯಿ ತರುವ ರೈತರು ನಮ್ಮಂತಹ ಹಳ್ಳಿಗಳವರೇ.

ಹಳೆಯದೆಲ್ಲ ಒಳ್ಳೆಯದು, ಹೊಸದೆಲ್ಲ ಕೆಟ್ಟದ್ದು ಎಂದು ಇದರ ಅರ್ಥವಲ್ಲ. ನಿಪ್ಪಟ್ಟು, ಕೋಡುಬಳೆ, ಕಾಂಗ್ರೆಸ್ ಕಡಲೆಬೀಜ ಇವೂ ಎಣ್ಣೆ ಉಪ್ಪಿನ ತಿಂಡಿಗಳೇ. ಅಯ್ಯಂಗಾರ್ ಬೇಕರಿಯ ಬನ್ನು, ಪಫ್ ಕೂಡ ಈ ನಗರಕ್ಕೆ ಹೊಸದಲ್ಲ. ಆದರೆ ಅವು ಸಂಜೆಯ ತಿನಿಸು, ನೆಂಟರು ಬಂದಾಗಿನ ತಿನಿಸು, ತಿಂಗಳ ಸಂಬಳದ ದಿನದ ತಿನಿಸು ಆಗಿದ್ದವು. ಶಾಲೆಯ ಡಬ್ಬಿಯಲ್ಲಿ ಮಾತ್ರ ಚಿತ್ರಾನ್ನ, ಉಪ್ಪಿಟ್ಟು, ಅಕ್ಕಿರೊಟ್ಟಿ, ಚಪಾತಿ ಪಲ್ಯ ಇಲ್ಲವೇ ಮೊಸರನ್ನ ಇರುತ್ತಿತ್ತು. 1983ರಲ್ಲಿ ಎರಡು ನಿಮಿಷದ ನೂಡಲ್ಸ್ ನಮ್ಮ ದೇಶದ ಮಾರುಕಟ್ಟೆಗೆ ಬಂತು. 1991ರ ನಂತರ ಬಣ್ಣದ ಪೊಟ್ಟಣಗಳು ಒಂದರ ಹಿಂದೊಂದು ಬಂದವು. ಅಪರೂಪಕ್ಕೆ ಇದ್ದದ್ದು ದಿನನಿತ್ಯದ್ದಾಯಿತು. ಬದಲಾದದ್ದು ಮುಖ್ಯವಾಗಿ ಇದು.

ತಂದೆತಾಯಿಯರು ಹೇಳುವ ಮಾತುಗಳು

ಕುರುಕಲು ತಿಂಡಿ ಒಳ್ಳೆಯದಲ್ಲ ಎಂದು ಗೊತ್ತಿಲ್ಲದ ಪೋಷಕರು ಇಂದು ನಗರದಲ್ಲೂ ಹಳ್ಳಿಯಲ್ಲೂ ವಿರಳ. ಗೊತ್ತಿದ್ದೂ ಡಬ್ಬಿಗೆ ಹಾಕುತ್ತಾರೆ. ಅದಕ್ಕೆ ಕೊಡುವ ಕಾರಣಗಳನ್ನು ತಳ್ಳಿಹಾಕದೆ ಒಂದೊಂದಾಗಿ ನೋಡೋಣ.

1. "ಏನೋ ಒಂದು, ಹೊಟ್ಟೆಗೆ ಹೋದರೆ ಸಾಕು." ಇದು ಪ್ರೀತಿಯಿಂದ, ಆತಂಕದಿಂದ ಬರುವ ಮಾತು. ಆದರೆ ಹಸಿವು ತಣಿಯುವುದು ಬೇರೆ, ಪೋಷಣೆ ಬೇರೆ. ಬರೀ ಒಣಹುಲ್ಲಿನಿಂದ ಹಸುವಿನ ಹೊಟ್ಟೆ ತುಂಬುತ್ತದೆ, ಹಾಲು ಬರುವುದಿಲ್ಲ. ಮೈದಾ, ಸಕ್ಕರೆಯಿಂದ ಮಗುವಿನ ಹಸಿವು ಇಂಗುತ್ತದೆ, ಮೂಳೆ ಮಾಂಸ ಬೆಳೆಯುವುದಿಲ್ಲ. ಅಷ್ಟೇ ಅಲ್ಲ, ಮಧ್ಯಾಹ್ನ ಬೇಕಾಗಿದ್ದ ಊಟದ ಹಸಿವನ್ನೂ ಅದು ಕೊಲ್ಲುತ್ತದೆ.

2. "ಬೆಳಿಗ್ಗೆ ಸಮಯವಿಲ್ಲ." ಇದು ನಿಜ. ತಾಯಿ ತಂದೆ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಶಾಲೆಯ ವಾಹನ ಬರುವುದರೊಳಗೆ ಅಡುಗೆ ಆಗಬೇಕು. ನಮ್ಮ ಹಳ್ಳಿಗಳಲ್ಲಿ ಕಷ್ಟ ಇನ್ನೂ ಹೆಚ್ಚು. ಸಗಣಿ ಬಾಚಿ, ಹಾಲು ಕರೆದು, ಸಂಘಕ್ಕೆ ಹಾಕಿ ಬಂದ ಹೆಣ್ಣುಮಗಳೇ ಡಬ್ಬಿಯನ್ನೂ ಕಟ್ಟಬೇಕು. ಡಬ್ಬಿಯ ದೋಷವನ್ನು ತಾಯಿಯ ಮೇಲೆ ಹೊರಿಸಿ ತಂದೆ ಪತ್ರಿಕೆ ಓದುತ್ತಾ ಕುಳಿತರೆ ಈ ಸಮಸ್ಯೆ ತೀರುವುದಿಲ್ಲ. ರಾತ್ರಿಯೇ ಕಾಳು ನೆನೆಸುವುದು, ತರಕಾರಿ ಹೆಚ್ಚುವುದು, ಡಬ್ಬಿ ತೊಳೆದಿಡುವುದು ಗಂಡಸರಿಗೆ ಆಗದ ಕೆಲಸವೇನಲ್ಲ.

3. "ಎಲ್ಲ ಮಕ್ಕಳೂ ತರುತ್ತಾರೆ, ನಮ್ಮ ಮಗು ಮಾತ್ರ ಹೇಗೆ ಬೇರೆಯಾಗಲಿ?" ರಾಗಿ ರೊಟ್ಟಿ ತಂದ ಮಗು ಗೆಳೆಯರ ಮುಂದೆ ಡಬ್ಬಿ ತೆರೆಯಲು ನಾಚುವುದು ಸುಳ್ಳಲ್ಲ. ಇದಕ್ಕೆ ಪರಿಹಾರ ನಮ್ಮ ಸಹಕಾರ ತತ್ವದಲ್ಲೇ ಇದೆ. ಒಬ್ಬನೇ ಉತ್ಪಾದಕ ದಲ್ಲಾಳಿಯ ಮುಂದೆ ಸೋಲುತ್ತಾನೆ, ಹತ್ತು ಜನ ಸೇರಿದರೆ ದರ ನಿರ್ಧರಿಸುತ್ತಾರೆ. ಹಾಗೆಯೇ ಒಂದು ತರಗತಿಯ ಹತ್ತು ಮನೆಯವರು ಪೋಷಕರ ಸಭೆಯಲ್ಲಿ ಮಾತನಾಡಿಕೊಂಡು ವಾರಕ್ಕೆ ಐದು ದಿನ ಮನೆಯ ತಿಂಡಿ ಎಂದು ಒಪ್ಪಿದರೆ, ಯಾವ ಮಗುವೂ ಒಂಟಿಯಾಗುವುದಿಲ್ಲ.

4. "ನಮಗೆ ಸಿಗದಿದ್ದದ್ದು ಅವರಿಗಾದರೂ ಸಿಗಲಿ." ಬಡತನದಲ್ಲಿ ಬೆಳೆದ ತಂದೆತಾಯಿ, ಅಜ್ಜ ಅಜ್ಜಿಯರ ಮಾತು ಇದು. ಮಗುವಿಗೆ ಸಿಗಬೇಕಾದದ್ದು ನಮಗೆ ಸಿಗದಿದ್ದ ಹಾಲು, ಹಣ್ಣು, ಮೊಟ್ಟೆ, ಬೇಳೆಕಾಳು. ಬಣ್ಣದ ಪೊಟ್ಟಣ ಸಿಗದೆ ನಮಗೆ ಯಾವ ನಷ್ಟವೂ ಆಗಿಲ್ಲ.

5. "ನಮ್ಮ ಮನೆಯೊಳಗೆ ಅಂಥದ್ದು ಬರಕೂಡದು." ಇದು ಇನ್ನೊಂದು ಅತಿರೇಕ. ಬೈದು, ಹೆದರಿಸಿ, ಡಬ್ಬಿ ತಪಾಸಣೆ ಮಾಡುವ ಮನೆಯ ಮಗು ಗೆಳೆಯನ ಡಬ್ಬಿಯಲ್ಲಿ ಕದ್ದು ತಿನ್ನುತ್ತದೆ. ಹುಟ್ಟುಹಬ್ಬದ ದಿನದ ಕೇಕಿನಿಂದ, ಸಜ್ಜನ್‌ರಾವ್ ವೃತ್ತದ ತಿಂಡಿ ಬೀದಿಗೆ ಅಪರೂಪಕ್ಕೆ ಹೋಗಿ ಬಂದದ್ದರಿಂದ ಯಾರ ಆರೋಗ್ಯವೂ ಕೆಡುವುದಿಲ್ಲ. ನಾವು ಸರಿಪಡಿಸಬೇಕಾದದ್ದು ದಿನನಿತ್ಯದ ಡಬ್ಬಿಯನ್ನು.

ಪೊಟ್ಟಣದೊಳಗೆ ಏನಿದೆ?

ಪಶು ಆಹಾರದ ಚೀಲದ ಮೇಲಿನ ಚೀಟಿಯಲ್ಲಿ ಸಸಾರಜನಕ ಎಷ್ಟು, ನಾರಿನಂಶ ಎಷ್ಟು ಎಂದು ತಾವು ಓದಿ ಕೊಳ್ಳುತ್ತೀರಿ. ಮಗುವಿನ ತಿಂಡಿಯ ಚೀಟಿಯನ್ನೂ ಹಾಗೆಯೇ ಓದಬೇಕು. ಅದರಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಮೊದಲ ಮೂರು ಹೆಸರುಗಳು ಮೈದಾ, ಸಕ್ಕರೆ, ತಾಳೆ ಎಣ್ಣೆ ಎಂದಿದ್ದರೆ ಉಳಿದದ್ದನ್ನು ಓದುವ ಅವಶ್ಯಕತೆಯಿಲ್ಲ.

ಸಾಮಾನ್ಯ ಕ್ರೀಂ ಬಿಸ್ಕತ್ತಿನ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಸಕ್ಕರೆ ಇರುತ್ತದೆ. ಅದರ ಕ್ರೀಂ ಎಂಬುದು ನಮ್ಮ ಹಾಲಿನ ಕೆನೆಯಲ್ಲ. ಬಹುತೇಕ ಸಕ್ಕರೆ ಮತ್ತು ಸಸ್ಯಜನ್ಯ ಕೊಬ್ಬಿನ ಮಿಶ್ರಣ. ಆಲೂಗಡ್ಡೆ ಚಿಪ್ಸ್ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಎಣ್ಣೆ. ಮಸಾಲೆ ಸಹಿತ ಒಂದು ಪೊಟ್ಟಣ ನೂಡಲ್ಸ್‌ನಲ್ಲಿ ಸುಮಾರು 2 ಗ್ರಾಂ ಉಪ್ಪು ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರೂ ದಿನಕ್ಕೆ 5 ಗ್ರಾಂ ಉಪ್ಪು ಮೀರಬಾರದು.

ಸಕ್ಕರೆಯ ಲೆಕ್ಕವನ್ನೂ ನೋಡಿ. ಆಹಾರದ ಶಕ್ತಿಯಲ್ಲಿ ಸೇರಿಸಿದ ಸಕ್ಕರೆಯ ಪಾಲು ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂದು ಅದೇ ಸಂಸ್ಥೆ 2015ರಲ್ಲಿ ಹೇಳಿದೆ. 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ ಬೇಕಾದ ಶಕ್ತಿ ಸುಮಾರು 1700 ಕಿಲೋ ಕ್ಯಾಲೊರಿ. ಅದರ ಶೇ. 5 ಎಂದರೆ ಸುಮಾರು 21 ಗ್ರಾಂ, ಅಂದರೆ ನಾಲ್ಕೈದು ಚಮಚ ಸಕ್ಕರೆ. ತಲಾ 10 ಗ್ರಾಂ ತೂಗುವ ನಾಲ್ಕು ಕ್ರೀಂ ಬಿಸ್ಕತ್ತಿನಲ್ಲೇ ಮೂರು ಚಮಚದಷ್ಟು ಮುಗಿಯುತ್ತದೆ. ಬೆಳಗಿನ ಹಾಲಿಗೆ ಹಾಕಿದ ಸಕ್ಕರೆ ಇದಕ್ಕೆ ಸೇರಿಲ್ಲ.

ಈಗ ನಮ್ಮ ಪದಾರ್ಥಗಳ ಲೆಕ್ಕ. ಇದೇ ವಯಸ್ಸಿನ ಮಗುವಿಗೆ ದಿನಕ್ಕೆ ಸುಮಾರು 650 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಮಿ.ಲೀ. ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ದಿನಕ್ಕೆ ಎರಡು ಲೋಟ, ಅಂದರೆ 400 ಮಿ.ಲೀ. ಹಾಲು ಅಥವಾ ಮೊಸರು ಮತ್ತು 50 ಗ್ರಾಂ ರಾಗಿ ಹಿಟ್ಟಿನ ರೊಟ್ಟಿ ಅಥವಾ ಮುದ್ದೆ ಕೊಟ್ಟರೆ ಈ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಇವೆರಡೂ ನಮ್ಮ ಮನೆಯಲ್ಲೇ ಇವೆ.

ಒಕ್ಕೂಟದ ನೌಕರನಾಗಿ ಇನ್ನೊಂದು ಮಾತನ್ನೂ ಹೇಳಬೇಕು. ನಮ್ಮ ಪೇಡ, ಮೈಸೂರು ಪಾಕ್, ಸಿಹಿ ಹಾಕಿದ ಸುವಾಸಿತ ಹಾಲು ಇವೂ ಸಕ್ಕರೆಯ ಪದಾರ್ಥಗಳೇ. ಹಬ್ಬಕ್ಕೆ ಕೊಳ್ಳಿ, ಸಂತೋಷ. ದಿನವೂ ಡಬ್ಬಿಗೆ ಬೇಡ.

ಕಾನೂನು ಎಲ್ಲಿಯವರೆಗೆ ಬರುತ್ತದೆ?

ಸರ್ಕಾರ ಸುಮ್ಮನೆ ಕುಳಿತಿಲ್ಲ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2020ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಕೊಬ್ಬು, ಸಕ್ಕರೆ, ಉಪ್ಪು ಅಧಿಕವಾಗಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಿ ಹಾಗೂ ಗೇಟಿನಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರುವಂತಿಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರವು ಗೋಬಿ ಮಂಚೂರಿ, ಕಾಟನ್ ಕ್ಯಾಂಡಿಗಳಿಗೆ ರೋಡಮೈನ್-ಬಿ ಮುಂತಾದ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. 2025ರ ಮೇ ತಿಂಗಳಲ್ಲಿ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು ತನ್ನ ಶಾಲೆಗಳಲ್ಲಿ ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆ ಎಂದು ತೋರಿಸುವ ಫಲಕಗಳನ್ನು ಹಾಕಲು ಸೂಚಿಸಿತು.

ಇಷ್ಟಕ್ಕೆಲ್ಲ ಕಾರಣವಿದೆ. 2016–18ರಲ್ಲಿ ನಡೆದ ರಾಷ್ಟ್ರೀಯ ಸಮಗ್ರ ಪೋಷಣಾ ಸಮೀಕ್ಷೆಯಲ್ಲಿ 5ರಿಂದ 9 ವರ್ಷದ ಮಕ್ಕಳಲ್ಲಿ ಸುಮಾರು ಹತ್ತಕ್ಕೊಬ್ಬರಿಗೆ ಸಕ್ಕರೆ ಕಾಯಿಲೆಯ ಪೂರ್ವಲಕ್ಷಣ ಕಂಡುಬಂತು. ಇದೇ ವಯಸ್ಸಿನ ಸುಮಾರು ನಾಲ್ಕನೇ ಒಂದು ಭಾಗ ಮಕ್ಕಳಲ್ಲಿ ರಕ್ತಹೀನತೆ ಇತ್ತು.

ಆದರೆ ಗೇಟಿನ ಹೊರಗೆ 50 ಮೀಟರ್ ಕಾಯುವ ಕಾನೂನು ಮಗುವಿನ ಬೆನ್ನಚೀಲದೊಳಗೆ ಕೈಹಾಕುವುದಿಲ್ಲ. ಅಂಗಡಿಯವನು ಮಾರಬಾರದ್ದನ್ನು ನಾವೇ ಮನೆಯಿಂದ ಕಟ್ಟಿ ಕಳುಹಿಸಿದರೆ ತಡೆಯುವವರು ಯಾರು? ಡಬ್ಬಿಯ ಮೇಲಿನ ಅಧಿಕಾರ ಪೂರ್ತಿಯಾಗಿ ತಂದೆತಾಯಿಯರದು.

ಹಾಲು ಮಾರಿ ಬಿಸ್ಕತ್ತು ಕೊಳ್ಳಬೇಡಿ

ಇದು ಪಟ್ಟಣದವರ ಸಮಸ್ಯೆ ಎಂದು ತಾವು ಪುಟ ತಿರುಗಿಸಬಾರದು. ನಮ್ಮ ಎಷ್ಟೋ ಸಂಘಗಳ ಎದುರಿಗೇ ಚಿಲ್ಲರೆ ಅಂಗಡಿ ಇದೆ. ಐದು ರೂಪಾಯಿಯ ಪೊಟ್ಟಣಗಳ ಸರ ಬಾಗಿಲಲ್ಲೇ ತೂಗುತ್ತದೆ. ಹಾಲಿನ ಬಟವಾಡೆಯ ದಿನ ಮಕ್ಕಳು ಮೊದಲು ಹೋಗುವುದು ಅಲ್ಲಿಗೆ. ಕೆಲವು ಮನೆಗಳಲ್ಲಿ ಕರೆದ ಹಾಲೆಲ್ಲ ಸಂಘಕ್ಕೆ ಬರುತ್ತದೆ, ಮನೆಗೆ ಉಳಿಯುವುದು ಕಾಫಿ, ಟೀಗೆ ಬೇಕಾದಷ್ಟು. ಆ ಹಾಲಿನ ಹಣದಿಂದ ಬಿಸ್ಕತ್ತು ಕೊಂಡು ಮಗುವಿನ ಡಬ್ಬಿಗೆ ಹಾಕುತ್ತಾರೆ. ಉತ್ಪಾದಕರ ಮಗುವಿಗೇ ಹಾಲು ಇಲ್ಲವಾದರೆ ನಮ್ಮ ಚಳವಳಿಗೆ ಅರ್ಥವೇನು?

ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ 18 ಗ್ರಾಂ ಹಾಲಿನ ಪುಡಿಯಿಂದ ತಯಾರಿಸಿದ 150 ಮಿ.ಲೀ. ಹಾಲು ನಿಗದಿಯಾಯಿತು. 2024ರ ಫೆಬ್ರವರಿಯಿಂದ ರಾಗಿ ಮಾಲ್ಟ್ ಕೂಡ ಸೇರಿತು. ಮಧ್ಯಾಹ್ನದ ಬಿಸಿಯೂಟವೂ ಇದೆ. ಆದರೆ ಈಗ ನಮ್ಮ ಸದಸ್ಯರಲ್ಲಿ ಅನೇಕರು ಮಕ್ಕಳನ್ನು ಖಾಸಗಿ ಶಾಲೆಗೆ ಕಳುಹಿಸುತ್ತಿದ್ದಾರೆ. ಅಲ್ಲಿ ಈ ಹಾಲೂ ಇಲ್ಲ, ಊಟವೂ ಇಲ್ಲ. ಎಲ್ಲ ಭಾರ ಡಬ್ಬಿಯ ಮೇಲೆ.

ಆದ್ದರಿಂದ ಸಂಘಕ್ಕೆ ಹೊರಡುವ ಮೊದಲು ಪ್ರತಿ ಮಗುವಿಗೆ 400 ಮಿ.ಲೀ.ನಂತೆ ಹಾಲು ಅಳೆದು ಮನೆಯಲ್ಲಿ ಎತ್ತಿಡಿ. ಒಕ್ಕೂಟದವನೇ ಹಾಲು ಕಡಿಮೆ ಹಾಕಿ ಎನ್ನುತ್ತಿದ್ದಾನಲ್ಲ ಎಂದು ನಗಬೇಡಿ. ಕರುವಿಗೆ ಹಾಲು ಬಿಡದೆ ಕರೆದುಕೊಂಡವನಿಗೆ ಮುಂದೆ ಒಳ್ಳೆಯ ಹಸು ಸಿಗುವುದಿಲ್ಲ ಎಂಬುದು ತಮಗೆ ಗೊತ್ತೇ ಇದೆ. ಮನೆಯ ಹಾಲನ್ನು ತಪ್ಪದೆ ಕಾಯಿಸಿಯೇ ಕೊಡಿ. ಹಸಿ ಹಾಲಿನಿಂದ ಬ್ರುಸೆಲ್ಲಾ, ಕ್ಷಯದಂತಹ ರೋಗಗಳು ಹರಡಬಹುದು.

ಬದಲಾವಣೆ ಹೇಗೆ?

ರಾಸುಗಳ ಮೇವನ್ನು ಒಮ್ಮೆಲೇ ಬದಲಿಸಬಾರದು, 10ರಿಂದ 15 ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸಬೇಕು ಎಂದು ನಾವು ಸದಾ ಹೇಳುತ್ತೇವೆ. ಮಕ್ಕಳ ವಿಷಯದಲ್ಲೂ ಇದೇ ತಾಳ್ಮೆ ಬೇಕು.

1. ಮೊದಲ ವಾರ ಎರಡು ದಿನ ಮಾತ್ರ ಪೊಟ್ಟಣದ ತಿಂಡಿ ಬಿಟ್ಟು ಮನೆಯ ತಿಂಡಿ ಕಟ್ಟಿ. ಮುಂದಿನ ವಾರ ಮೂರು ದಿನ. ಹೀಗೆ ಒಂದು ತಿಂಗಳಲ್ಲಿ ಐದು ದಿನಕ್ಕೆ ತನ್ನಿ.

2. "ಏನು ಬೇಕು?" ಎಂದು ಕೇಳಬೇಡಿ. "ಅಕ್ಕಿರೊಟ್ಟಿಯೋ, ರಾಗಿ ದೋಸೆಯೋ?" ಎಂದು ಕೇಳಿ. ತಾನೇ ಆರಿಸಿದ್ದನ್ನು ಮಗು ತಿನ್ನುತ್ತದೆ.

3. ಶಾಲೆಯಲ್ಲಿ ತಿನ್ನಲು ಸಿಗುವ ಸಮಯ ಕಡಿಮೆ. ಕೈಯಲ್ಲಿ ಹಿಡಿದು ತಿನ್ನುವಂತೆ ಸಣ್ಣದಾಗಿ ಮಾಡಿ. ಚಪಾತಿಯನ್ನು ಪಲ್ಯ ಹಾಕಿ ಸುರುಳಿ ಸುತ್ತಿ ಕೊಡಿ.

4. ಮೊಸರನ್ನ ಮಧ್ಯಾಹ್ನಕ್ಕೆ ಹುಳಿಯಾಗುತ್ತದೆ ಎನ್ನುವವರು ಹೀಗೆ ಮಾಡಿ: ಮೆತ್ತಗೆ ಮಾಡಿದ ಅನ್ನ ಉಗುರು ಬೆಚ್ಚಗಾದ ಮೇಲೆ ಕಾಯಿಸಿ ಆರಿಸಿದ ಹಾಲು ಹಾಕಿ ಕಲಸಿ, ಒಂದೆರಡು ಚಮಚ ಮೊಸರು ಬೆರೆಸಿ. ಮಧ್ಯಾಹ್ನದ ಹೊತ್ತಿಗೆ ಡಬ್ಬಿಯಲ್ಲೇ ಹದವಾಗಿ ಮೊಸರನ್ನವಾಗಿರುತ್ತದೆ.

5. ಬಾಟಲಿಯ ಹಣ್ಣಿನ ರಸದ ಬದಲು ನೀರು ಮತ್ತು ಇಡೀ ಹಣ್ಣು ಕೊಡಿ.

ಒಂದು ವಾರದ ಮಾದರಿ ಹೀಗಿರಬಹುದು. ಸೋಮವಾರ: ಸಬ್ಬಸಿಗೆ ಸೊಪ್ಪು, ಕ್ಯಾರೆಟ್ ಹಾಕಿದ ಅಕ್ಕಿರೊಟ್ಟಿ, ಹುರಿಗಡಲೆ ಚಟ್ನಿ. ಮಂಗಳವಾರ: ರಾಗಿ ದೋಸೆ, ಮೊಳಕೆ ಕಾಳಿನ ಪಲ್ಯ. ಬುಧವಾರ: ಚಪಾತಿ, ಮೊಟ್ಟೆ ಅಥವಾ ಪನೀರ್ ಪಲ್ಯ. ಗುರುವಾರ: ಬಿಸಿಬೇಳೆಬಾತ್. ಶುಕ್ರವಾರ: ಮೊಸರನ್ನ, ದಾಳಿಂಬೆ ಕಾಳು. ಶನಿವಾರ: ಮಗು ಕೇಳಿದ್ದು. ಬೆಳಗಿನ ಸಣ್ಣ ವಿರಾಮಕ್ಕೆ ಬಾಳೆಹಣ್ಣು, ಬೇಯಿಸಿದ ಕಡಲೆಕಾಯಿ ಅಥವಾ ಒಂದು ಕಡಲೆ ಮಿಠಾಯಿ. ಕಡಲೆಕಾಯಿ ಒಗ್ಗದ ಮಗುವಿಗೆ ಮಾತ್ರ ಹುರಿಗಡಲೆ ಕೊಡಿ.

ಫಲಿತಾಂಶವನ್ನು ಹೇಗೆ ನೋಡಬೇಕು?

ಹೊಸ ಡಬ್ಬಿ ಮೊದಲ ದಿನಗಳಲ್ಲಿ ಅರ್ಧ ಉಳಿದು ಬರುತ್ತದೆ. ಗಾಬರಿಯಾಗಬೇಡಿ, ಹಳೆಯದಕ್ಕೆ ಮರಳಬೇಡಿ. ಸಂಜೆ ಬಂದ ಕೂಡಲೇ ಒಂದು ಲೋಟ ಹಾಲು, ಹಣ್ಣು ಕೊಡಿ. ಮೂರು ತಿಂಗಳಿಗೊಮ್ಮೆ ಎತ್ತರ, ತೂಕ ಬರೆದಿಡಿ. ಸಂಜೆ ಆಡಲು ಓಡುತ್ತದೆಯೇ, ಜೋಲುಮೋರೆ ಹಾಕಿ ಮಲಗುತ್ತದೆಯೇ, ಮಲಬದ್ಧತೆ ಕಡಿಮೆಯಾಯಿತೇ, ಹಲ್ಲು ಹುಳುಕಾಗಿದೆಯೇ, ಕಣ್ಣಿನ ಒಳರೆಪ್ಪೆ ಬಿಳಿಚಿದೆಯೇ ಎಂದು ಗಮನಿಸಿ. ಬೆಳವಣಿಗೆ ನಿಂತಂತೆ ಕಂಡರೆ ಅಥವಾ ತೂಕ ಅತಿಯಾಗಿ ಏರುತ್ತಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ.

ಜಿಡ್ಡು ಒಂದು ಅಂಶ ಕುಸಿದರೆ ಅಂದೇ ಕಾರ್ಯದರ್ಶಿಯ ಬಳಿ ಬಂದು ಕಾರಣ ಕೇಳುವ ಜಾಗರೂಕತೆ ನಮ್ಮ ಸದಸ್ಯರಲ್ಲಿದೆ. ಅದರ ಅರ್ಧದಷ್ಟನ್ನು ಮಗುವಿನ ಡಬ್ಬಿಯ ಮೇಲೆ ಇಟ್ಟರೂ ಸಾಕು. ಮುಂದಿನ ಸಂಘದ ಸಭೆಯಲ್ಲಿ, ವಿಶೇಷವಾಗಿ ಮಹಿಳಾ ಸಂಘಗಳಲ್ಲಿ, ಈ ವಿಷಯವನ್ನು ಹತ್ತು ನಿಮಿಷ ಚರ್ಚಿಸಿ, ತಮ್ಮ ಊರಿನ ಶಾಲೆಯ ಪೋಷಕರೊಡನೆ ಮಾತನಾಡಿ, ಬರುವ ಸೋಮವಾರದಿಂದಲೇ ಆರಂಭಿಸುವಿರೆಂದು ಆಶಿಸುತ್ತೇನೆ.

– ಪಶುವೈದ್ಯ ವಿಸ್ತರಣಾಧಿಕಾರಿ